ಕವಳೆಯ ಬೇಲಿ

ಹೋದ ವರ್ಷದ ಬೇಸಗೆಯಲ್ಲಿ ನಮ್ಮ ಮನೆಯ ಹಿಸ್ಸೆಯಾಯಿತು. ಶಿರಸಿ ಸೀಮೆಯ ಒಂದು ಹಳ್ಳಿಯಲ್ಲಿ ಅಜ್ಜ ಕಟ್ಟಿದ ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲಿನ ಆಚೆ ಒಂದಿಷ್ಟು ಬೇಣ. ಇಷ್ಟನ್ನು ನಾನೂ ನನ್ನ ತಮ್ಮನೂ ಹಂಚಿಕೊಳ್ಳಬೇಕಾಗಿತ್ತು. ಜಗಳವಾಗಿ ಬಂದ ಪಾಲಲ್ಲ. ನಾನು ಪೇಟೆಯ ಕಾಲೇಜಿನಲ್ಲಿ ಕನ್ನಡ ಕಲಿಸಿಕೊಂಡಿರುವವನು. ತಮ್ಮ ಊರಿನಲ್ಲಿ ತೋಟ ನೋಡಿಕೊಂಡಿರುವವನು. ನಮ್ಮ ಕಾಲದಲ್ಲಿಯೇ ಕಾಗದಪತ್ರ ನೇರವಾಗಲಿ ಎಂದು ಇಬ್ಬರೂ ಒಪ್ಪಿ ಮಾಡಿಕೊಂಡದ್ದು. ಆದರೂ ಮೋಜಣಿಯವರು ಬಂದು ಹಿತ್ತಲಿನ ನಡುವೆ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ಹಗ್ಗ ಎಳೆದಾಗ, ನಾವಿಬ್ಬರೂ ಹಗ್ಗದ ಒಂದೊಂದು ಬದಿಯಲ್ಲಿ ನಿಂತು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಮೊದಲು ಮಾತೆತ್ತಿದವನು ತಮ್ಮನೇ. "ಅಣ್ಣಾ, ಚಿರೇಕಲ್ಲಿನ ಪಾಗಾರ ಹಾಕಿಬಿಡುವ. ಒಂದೇ ಸಲದ ಖರ್ಚು. ಮಕ್ಕಳ ಕಾಲಕ್ಕೆ ತಕರಾರು ಬೇಡ" ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಗೋಡೆಯೆಂಬ ಮಾತು ನನಗೆ ರುಚಿಸಲಿಲ್ಲ. ಹಿತ್ತಲಿನ ಕೊನೆಯಲ್ಲಿ, ಬೇಣದ ಅಂಚಿಗೆ, ನಮ್ಮ ಅಜ್ಜಿ ನೆಟ್ಟ ಕವಳೆಯ ಬೇಲಿಯಿದೆ. ಅದನ್ನು ತೋರಿಸಿ, "ಇಲ್ಲಿಯೂ ಅದನ್ನೇ ನೆಡುವ" ಎಂದೆ. ತಮ್ಮ ನಕ್ಕ. "ಗೋಡೆ ಕಟ್ಟಿದರೆ ಮುಗಿಯಿತು. ಬೇಲಿ ಎಂದರೆ ವರ್ಷವೂ ಆರೈಕೆ. ನೀನು ಪೇಟೆಯಲ್ಲಿರುವವ, ನೋಡುವವರು ಯಾರು?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಪುಸ್ತಕ ಹುಡುಕುವುದು ಅಧ್ಯಾಪಕರ ಹಳೆಯ ರೋಗ. ಬೀಜ ಹಾಕಿ ಸಸಿಯಾಗುವವರೆಗೆ ಹೇಗೂ ಒಂದು ವರ್ಷದ ವಾಯಿದೆ ಸಿಕ್ಕಿತು. ಆ ವರ್ಷ ಬೇಲಿಯ ಚರಿತ್ರೆಯನ್ನು ಓದಿದೆ.

ಕವಳೆಯನ್ನು ಬಲ್ಲವರಿಗೆ ಅದರ ವರ್ಣನೆ ಬೇಡ. ಕವಳೆ, ಕರಂಡೆ, ಕರ್ಜಿ ಎಂದು ಸೀಮೆಗೊಂದು ಹೆಸರು. ಸಂಸ್ಕೃತದಲ್ಲಿ ಕರಮರ್ದ, ಉತ್ತರದ ಕಡೆ ಕರೌಂದಾ. ಕಪ್ಪೆಂದು ಹೇಳಬಹುದಾದಷ್ಟು ದಟ್ಟ ಹಸಿರಿನ ದಪ್ಪ ಎಲೆ, ಮಲ್ಲಿಗೆಯನ್ನು ಹೋಲುವ ಬಿಳಿಯ ಹೂ, ಚಿವುಟಿದರೆ ಅಂಟಾದ ಹಾಲು. ಕೊಂಬೆಯ ಗೆಣ್ಣಿನಲ್ಲಿ ಜೋಡಿಜೋಡಿಯಾಗಿ ನೀಳವಾದ ಮುಳ್ಳು. ಈ ಮುಳ್ಳನ್ನು ಒಮ್ಮೆ ಕಂಡ ದನ ಮತ್ತೊಮ್ಮೆ ಮೂತಿ ಚಾಚುವುದಿಲ್ಲ. ಚಿರೇಕಲ್ಲಿನ ಬರಡು ನೆಲದಲ್ಲಿಯೂ ಅದು ಬದುಕುತ್ತದೆ. ನಾಲ್ಕೈದು ತಿಂಗಳು ಮಳೆ ಕಾಣದಿದ್ದರೂ ಸಾಯುವುದಿಲ್ಲ.

ಹಾಗೆಂದು ಅದು ತಾನಾಗಿಯೇ ಬೇಲಿಯಾಗುತ್ತದೆಂದು ತಿಳಿಯಬಾರದು. ಮಳೆಗಾಲದ ಹೊಸ್ತಿಲಲ್ಲಿ ಹಣ್ಣು ಕಪ್ಪಾದಾಗ ಬೀಜ ತೆಗೆದು ತಡಮಾಡದೆ ಬಿತ್ತಬೇಕು. ಒಣಗಿಸಿ ಇಟ್ಟ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ. ಸಸಿ ಏಳುವುದು ನಿಧಾನ, ಬೆಳೆಯುವುದು ಇನ್ನೂ ನಿಧಾನ. ಮರುವರ್ಷದ ಮಳೆಗೆ ಎರಡೆರಡು ಅಡಿಗೆ ಒಂದರಂತೆ ಅಗಳಿನಲ್ಲಿ ನೆಟ್ಟು, ಮೊದಲನೆಯ ಬೇಸಗೆಯಲ್ಲಿ ಮಾತ್ರ ನೀರು ಕೊಡಬೇಕು. ಗಿಡ ಮೊಣಕಾಲೆತ್ತರ ಬಂದಾಗ ತುದಿ ಚಿವುಟಬೇಕು. ಇಲ್ಲವಾದರೆ ಮೇಲೆ ಪೊದೆಯಾಗಿ ಬುಡದಲ್ಲಿ ಕಂಡಿ ಉಳಿದು, ಕೋಳಿಯೂ ಆಡಿನ ಮರಿಯೂ ಅದರಲ್ಲೇ ದಾರಿ ಮಾಡಿಕೊಳ್ಳುತ್ತವೆ. ಮುಂದೆ ವರ್ಷಕ್ಕೊಮ್ಮೆ, ಕಾಯಿ ಮುಗಿದ ಮೇಲೆ, ಸವರಿದರೆ ಸಾಕು. ಅತಿಯಾಗಿ ಸವರಿದವರಿಗೆ ಅಂದವಾದ ಬೇಲಿ ಸಿಗುತ್ತದೆ, ಕಾಯಿ ಸಿಗುವುದಿಲ್ಲ.

ನಮ್ಮ ನಾಡಿಗೆ ಬೇಲಿಯ ಚರಿತ್ರೆ ಹೊಸದಲ್ಲ. ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಹೊಳೆಯ ಆಚೆಯ ಬಯಲನ್ನು ಸುತ್ತುವರಿದು ಮುಳ್ಳುಗಿಡಗಳ ದಟ್ಟವಾದ ಬೇಲಿಯೊಂದಿತ್ತು. 1792ರ ಫೆಬ್ರುವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಪಾಳೆಯದ ಮೇಲೆ ಬಿದ್ದಾಗ ಮೊದಲು ದಾಟಬೇಕಾಗಿ ಬಂದದ್ದು ಈ ಬೇಲಿಯನ್ನು. ಕಲ್ಲಿನ ಕೋಟೆಗೆ ಮುಳ್ಳಿನ ಕಾವಲು. ಶತ್ರುವನ್ನು ತಡೆಯಲು ನೆಟ್ಟ ಬೇಲಿ ಅದು, ಅರ್ಥವಾಗುವ ಮಾತು. ಆದರೆ ತನ್ನ ಪ್ರಜೆಯನ್ನೇ ತಡೆಯಲು, ಅವನ ಊಟದ ಉಪ್ಪನ್ನು ತಡೆಯಲು, ಒಂದು ಸರಕಾರ ನೂರಾರು ಮೈಲಿ ಬೇಲಿ ಬೆಳೆಸಿತೆಂದರೆ ನಂಬುವುದು ಕಷ್ಟ. ಓದುವವರೆಗೆ ನಾನೂ ನಂಬಿರಲಿಲ್ಲ. ಆ ಬೇಲಿಯಲ್ಲಿ ನಮ್ಮ ಹಿತ್ತಲಿನ ಕವಳೆಯೂ ಇತ್ತು.

ಸಂಗತಿ ಹೀಗೆ. ಬಂಗಾಳವನ್ನು ಕೈಗೆ ತೆಗೆದುಕೊಂಡ ಈಸ್ಟ್ ಇಂಡಿಯಾ ಕಂಪನಿ ಅಲ್ಲಿ ಉಪ್ಪಿನ ಮೇಲೆ ಭಾರವಾದ ತೆರಿಗೆ ಹಾಕಿತು. ರಾಜಪುತಾನದ ಸಂಭಾರ್ ಸರೋವರದಲ್ಲಿ, ಕಚ್ಛದ ತೀರದಲ್ಲಿ ಉಪ್ಪು ಅಗ್ಗ. ಅಗ್ಗದ ಉಪ್ಪು ತುಟ್ಟಿಯ ಕಡೆಗೆ ಹರಿಯುವುದು ನೀರು ತಗ್ಗಿಗೆ ಹರಿದಷ್ಟೇ ಸಹಜ. ಅದನ್ನು ತಡೆಯಲು 1803ರಿಂದ ಸುಂಕದ ಕಟ್ಟೆಗಳು ಎದ್ದವು. ಕಟ್ಟೆಗಳು ಸಾಲಾದವು, 1834ರಲ್ಲಿ ಸುಂಕದ ಕಮಿಷನರಾದ ಸ್ಮಿತ್ ಎಂಬ ಅಧಿಕಾರಿಯ ಕಾಲದಲ್ಲಿ ಆ ಸಾಲು ಬಲವಾಗಿ ಬೆಳೆಯಿತು. 1869ರ ಹೊತ್ತಿಗೆ ಅದು ಸಿಂಧೂ ನದಿಯಿಂದ ಮಹಾನದಿಯವರೆಗೆ ಸುಮಾರು 2,300 ಮೈಲಿ ಚಾಚಿತ್ತು. ಕಾಯಲು ಹೆಚ್ಚುಕಡಿಮೆ 12,000 ಮಂದಿ. ಸಾಲಿನೊಳಗೆ ಉಪ್ಪಿನ ತೆರಿಗೆ ಮಣಕ್ಕೆ 3 ರೂಪಾಯಿ. ಆ ಮಣ ಈಗಿನ ಲೆಕ್ಕದಲ್ಲಿ ಸುಮಾರು 37 ಕಿಲೋ. ಹೊಲದ ಕೂಲಿಯವನ ತಿಂಗಳ ಗಳಿಕೆಯೇ ಮೂರು ನಾಲ್ಕು ರೂಪಾಯಿ ಇದ್ದ ಕಾಲವದು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಇಷ್ಟು ಉದ್ದದ ಸಾಲನ್ನು ಬರಿಯ ಮನುಷ್ಯರಿಂದ ಕಾಯಲಾಗುವುದಿಲ್ಲ. ರಾತ್ರಿಯ ಕತ್ತಲಲ್ಲಿ ಉಪ್ಪಿನ ಚೀಲ ಹೊತ್ತವರು ಎಲ್ಲಿ ಬೇಕಾದರೂ ದಾಟಿಯಾರು. ಆದ್ದರಿಂದ ಬೇಲಿ. ಮೊದಲು ಹಾಕಿದ್ದು ಒಣ ಬೇಲಿ: ಕಡಿದ ಮುಳ್ಳಿನ ರಾಶಿ. ಒಣ ಮುಳ್ಳಿನ ಬೇಲಿಯ ಪಾಡು ನಮ್ಮ ರೈತರಿಗೆ ಗೊತ್ತಿದ್ದದ್ದೇ. ಗೆದ್ದಲು ತಿನ್ನುತ್ತದೆ, ಗಾಳಿ ಹಾರಿಸುತ್ತದೆ, ಒಂದು ಕಿಡಿ ಬಿದ್ದರೆ ಇಡೀ ಬೇಲಿ ಬೂದಿ. ಒಂದು ಮೈಲಿಗೆ 250 ಟನ್ ಮುಳ್ಳು ಬೇಕಾಗುತ್ತಿತ್ತಂತೆ. ಅದನ್ನು ದೂರದಿಂದ ಹೊತ್ತು ತರಬೇಕು. ತಂದದ್ದು ಹಾಳಾದ ಹಾಗೆ ಮತ್ತೆ ತರಬೇಕು.

1867ರಲ್ಲಿ ಈ ಸುಂಕದ ಸಾಲಿನ ಕಮಿಷನರಾಗಿ ಬಂದವನು ಅಲನ್ ಆಕ್ಟೇವಿಯನ್ ಹ್ಯೂಮ್. ನಮ್ಮ ವಿದ್ಯಾರ್ಥಿಗಳು ಈ ಹೆಸರನ್ನು ಬೇರೆ ಕಾರಣಕ್ಕಾಗಿ ಬಾಯಿಪಾಠ ಮಾಡಿರುತ್ತಾರೆ: 1885ರಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಹುಟ್ಟಿಗೆ ಕಾರಣನಾದ ನಿವೃತ್ತ ಅಧಿಕಾರಿ. ಅದಕ್ಕೆ ಹದಿನೆಂಟು ವರ್ಷ ಮೊದಲು ಆತ ಬೇಲಿಯ ಮಾಲಿಯಾಗಿದ್ದ.

ಹ್ಯೂಮ್ ಹುಟ್ಟಾ ಪ್ರಕೃತಿಪ್ರಿಯ. ಭಾರತದ ಹಕ್ಕಿಗಳನ್ನು ಕುರಿತು ಆತ ಕೂಡಿಸಿದ ಸಂಗ್ರಹ ಜಗತ್ತಿನ ದೊಡ್ಡ ಸಂಗ್ರಹಗಳಲ್ಲಿ ಒಂದಾಯಿತು. ಇಂಥವನ ಕಣ್ಣಿಗೆ ಒಣ ಮುಳ್ಳನ್ನು ಹೊತ್ತು ಹಾಕುವ ಕೆಲಸ ದಡ್ಡತನವಾಗಿ ಕಂಡದ್ದು ಸಹಜ. ಬೇಲಿ ತಾನೇ ಬೆಳೆಯುವಂತಿರಬೇಕು ಎಂದು ಆತ ನಿಶ್ಚಯಿಸಿದ. ಆದರೆ ಸಾವಿರ ಮೈಲಿಗೆ ಒಂದೇ ಗಿಡ ಒಗ್ಗುವುದಿಲ್ಲ. ಯಾವ ನೆಲಕ್ಕೆ ಯಾವ ಮುಳ್ಳು ಒಗ್ಗೀತೆಂದು ಪ್ರಯೋಗ ನಡೆಯಿತು. ಜಾಲಿ, ಬೋರೆ, ಕವಳೆ, ಪಾಪಾಸುಕಳ್ಳಿ, ಕೊಂಬಿನ ಕಳ್ಳಿ, ಕೆಲವೆಡೆ ಬಿದಿರು — ಎಲ್ಲವೂ ನಮ್ಮ ಹೊಲಗದ್ದೆಗಳ ಬದಿಯಲ್ಲಿ ಕಾಣುವ ಗಿಡಗಳೇ. ನೆಲ ಬರಡಾಗಿದ್ದಲ್ಲಿ ಅಗಳು ತೋಡಿ ಬೇರೆ ಕಡೆಯಿಂದ ಒಳ್ಳೆಯ ಮಣ್ಣು ತಂದು ತುಂಬಿಸಿದರು. ನೆರೆ ನಿಲ್ಲುವಲ್ಲಿ ಏರಿ ಹಾಕಿ ಅದರ ಮೇಲೆ ನೆಟ್ಟರು. ನೀರಿಲ್ಲದಲ್ಲಿ ಬಾವಿ ತೋಡಿಸಿದರು. ಬೇಲಿಯ ಉದ್ದಕ್ಕೂ ಕಾವಲುಗಾರರು ತಿರುಗಲು ದಾರಿ ಮಾಡಿಸಿದರು.

ಇದನ್ನು ಓದುವಾಗ ನನಗೆ ಒಂದು ಕ್ಷಣ ಸಂತೋಷವೇ ಆಯಿತೆಂದು ಒಪ್ಪಿಕೊಳ್ಳಬೇಕು. ಗಿಡ ನೆಡುವುದನ್ನು ಬಲ್ಲವನ ಕೆಲಸ ಅದು. ಅಜ್ಜಿ ಚಿರೇಕಲ್ಲನ್ನು ಒಡೆಸಿ ಬೆಟ್ಟದ ಮಣ್ಣು ತುಂಬಿಸಿ ಕವಳೆ ನೆಟ್ಟದ್ದೂ ಇದೇ ರೀತಿಯಲ್ಲಿ. ಕಲೆ ಒಂದೇ, ಗಿಡ ಒಂದೇ, ಶ್ರದ್ಧೆಯೂ ಒಂದೇ. ಹಾಗಾದರೆ ಆ ಬೇಲಿಗೂ ಈ ಬೇಲಿಗೂ ಭೇದವೆಲ್ಲಿ? ನನ್ನ ಓದೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗಿತು.

ಹ್ಯೂಮ್ 1870ರಲ್ಲಿ ಆ ಹುದ್ದೆಯನ್ನು ಬಿಟ್ಟ. ಅವನ ನಂತರದವರು ಬೇಲಿಯನ್ನು ಇನ್ನೂ ಬೆಳೆಸಿದರು. ಚೆನ್ನಾಗಿ ಬೆಳೆದಲ್ಲಿ ಅದು ಹನ್ನೆರಡು ಅಡಿ ಎತ್ತರ, ಕೆಲವೆಡೆ ಹದಿನಾಲ್ಕು ಅಡಿ ದಪ್ಪ. ಮನುಷ್ಯನಿರಲಿ, ಮೊಲವೂ ನುಸುಳದಂಥ ಗೋಡೆ. 1870ರ ದಶಕದ ಕೊನೆಗೆ ಪೂರ್ತಿ ಬಲಿತ ಹಸಿರು ಬೇಲಿಯೇ 400 ಮೈಲಿಗೆ ಮೀರಿತ್ತು. ಉಳಿದ ಕಡೆ ಅರ್ಧ ಹಸಿರು, ಅರ್ಧ ಒಣಗು. ಆದರೆ ಅದರ ಮೇಲೆ ಬಂದೆರಗಿದ ಶತ್ರುಗಳೂ ಕಡಿಮೆಯಲ್ಲ. ಗೆದ್ದಲು, ಇಲಿ, ಬಿರುಗಾಳಿ, ಬೆಂಕಿ. ಗಿಡವನ್ನು ಹಬ್ಬಿ ಉಸಿರು ಕಟ್ಟಿಸುವ ಬಳ್ಳಿಗಳು. ಕೊರತೆಯಾದಲ್ಲಿ ಹೊಸ ಗಿಡ, ಹೊಸ ಮಣ್ಣು. ಉಪ್ಪು ತರುವವರೂ ಸುಮ್ಮನಿರಲಿಲ್ಲ. ಬೇಲಿಯ ಮೇಲಿಂದ ಚೀಲ ಎಸೆದರು, ಕಂಡಿ ಮಾಡಿ ನುಗ್ಗಿದರು. ಒಂದು ದೇಶದ ನಡುವೆ ಊರಿಗೂ ಹೊಲಕ್ಕೂ, ನೆಂಟರಿಗೂ ನೆಂಟರಿಗೂ ಅಡ್ಡವಾಗಿ ಬೇಲಿ ನಿಂತಿತ್ತು. ದಾಟಬೇಕಾದರೆ ಗೇಟಿನವರೆಗೆ ನಡೆಯಬೇಕು, ಅಲ್ಲಿ ಜಡತಿ ಕೊಡಬೇಕು, ಸಿಪಾಯಿಯ ಕೈ ಬಿಸಿ ಮಾಡಬೇಕು.

ಕನ್ನಡದಲ್ಲಿ ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆಯಿದೆ. ಬಸವಣ್ಣನವರ ವಚನದಲ್ಲಿಯೂ ಈ ಚಿತ್ರ ಬಂದಿರುವುದರಿಂದ ಮಾತು ಎಂಟು ಶತಮಾನಕ್ಕಿಂತ ಹಳೆಯದು. ತರಗತಿಯಲ್ಲಿ ಇದನ್ನು ಎಷ್ಟೋ ಸಲ ವಿವರಿಸಿದ್ದೇನೆ, ಅಲಂಕಾರವೆಂದೇ ತಿಳಿದು. ಅಕ್ಷರಶಃ ಹೊಲವನ್ನು ಮೇಯ್ದ ಬೇಲಿಯೊಂದು ಸಾವಿರ ಮೈಲಿಯ ಉದ್ದಕ್ಕೆ ನಿಂತಿತ್ತೆಂದು ನನಗೆ ಗೊತ್ತಿರಲಿಲ್ಲ.

ಆ ಬೇಲಿಗೆ ಕೊನೆ ಬಂದದ್ದು ಕರುಣೆಯಿಂದಲ್ಲ, ಲೆಕ್ಕಾಚಾರದಿಂದ. 1870ರಲ್ಲಿ ಸರಕಾರ ಜಯಪುರ, ಜೋಧಪುರದ ಅರಸರಿಂದ ಸಂಭಾರ್ ಸರೋವರವನ್ನು ಗುತ್ತಿಗೆಗೆ ಪಡೆಯಿತು. ಈ ಮಾತುಕತೆಯಲ್ಲಿ ಹ್ಯೂಮನ ಪಾತ್ರವೂ ಇತ್ತೆಂಬುದು ವಿಚಿತ್ರ. ಬೇಲಿ ನೆಟ್ಟ ಕೈಯೇ ಅದರ ಬೇರಿಗೂ ಹಾರೆ ಹಾಕಿತು. ಉಪ್ಪು ಹುಟ್ಟುವಲ್ಲಿಯೇ ತೆರಿಗೆ ಕೊಯ್ದುಕೊಂಡರೆ ದಾರಿಯಲ್ಲಿ ಕಾಯುವ ಅಗತ್ಯವಿಲ್ಲ. ಉಳಿದದ್ದು ಪ್ರಾಂತಗಳ ನಡುವಿನ ದರದ ಅಂತರ. ಲಾರ್ಡ್ ಲಿಟ್ಟನ್ ವೈಸರಾಯ್ ಆಗಿದ್ದಾಗ, ಹಣಕಾಸು ನೋಡುತ್ತಿದ್ದ ಜಾನ್ ಸ್ಟ್ರೇಚಿ ಆ ಅಂತರವನ್ನು ತಗ್ಗಿಸಿದ. 1879ರ ಏಪ್ರಿಲ್ 1ರಿಂದ ಬೇಲಿಯನ್ನು ಕೈಬಿಟ್ಟರು.

ಇಲ್ಲಿಯವರೆಗೆ ಇದು ಉತ್ತರದೇಶದ ಕತೆ. ನಮ್ಮ ನಾಡಿಗೆ ಇದು ಬಂದು ತಟ್ಟುವುದು ಈ ಕೊನೆಯ ಹಂತದಲ್ಲಿ. ದರವನ್ನು ಸಮಮಾಡುವುದೆಂದರೆ ಅಲ್ಲಿ ಇಳಿಸುವುದಷ್ಟೇ ಅಲ್ಲ, ಇಲ್ಲಿ ಏರಿಸುವುದೂ ಆಗಿತ್ತು. ಮದರಾಸು, ಮುಂಬಯಿ ಪ್ರಾಂತಗಳಲ್ಲಿ ಮಣಕ್ಕೆ 1 ರೂಪಾಯಿ 13 ಆಣೆಯಿದ್ದ ಉಪ್ಪಿನ ತೆರಿಗೆ 2 ರೂಪಾಯಿ 8 ಆಣೆಗೆ ಏರಿತು. ಬಳ್ಳಾರಿ, ಮಂಗಳೂರು ಮದರಾಸಿಗೆ ಸೇರಿದ್ದವು. ಧಾರವಾಡ, ಬೆಳಗಾವಿ, ಬಿಜಾಪುರ, ನಮ್ಮ ಉತ್ತರ ಕನ್ನಡ ಮುಂಬಯಿಗೆ. ಏರಿಸಿದ ಕಾಲವಾದರೂ ಎಂಥದು? 1876ರಿಂದ 78ರವರೆಗಿನ ಭೀಕರ ಬರ. ಮೈಸೂರು, ಬಳ್ಳಾರಿ, ಧಾರವಾಡಗಳಲ್ಲಿ ಲಕ್ಷಗಟ್ಟಲೆ ಜನ ಅನ್ನವಿಲ್ಲದೆ ಸತ್ತ ಕಾಲ. ಗಂಜಿಗೆ ಅಕ್ಕಿಯಿಲ್ಲದವನಿಗೆ ಉಪ್ಪೂ ತುಟ್ಟಿಯಾಯಿತು. ಉತ್ತರದಲ್ಲಿ ಮುಳ್ಳಿನ ಬೇಲಿ ಬಿತ್ತು. ಕಣ್ಣಿಗೆ ಕಾಣದ ಬೇಲಿಯೊಂದು ಇಡೀ ದೇಶದ ಅಡುಗೆಮನೆಯ ಸುತ್ತ ಎದ್ದಿತು.

ಆ ಕಾಣದ ಬೇಲಿಯನ್ನು ನಮ್ಮ ಅಜ್ಜಿ ಕಂಡಿದ್ದಳು. ಅವಳ ತವರು ಅಂಕೋಲೆಯ ಕಡೆ, ಕಡಲ ಹತ್ತಿರ. ಅವಳಿಗೆ ಎಂಟು ವರ್ಷವಾಗಿದ್ದಾಗ, 1930ರ ಏಪ್ರಿಲಿನಲ್ಲಿ, ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ್ದು ಏಪ್ರಿಲ್ 6ರಂದು. ಒಂದು ವಾರದೊಳಗೆ, 13ರಂದು, ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಕಾನೂನು ಮುರಿದರು. ಅಜ್ಜಿಗೆ ಭಾಷಣದ ನೆನಪಿರಲಿಲ್ಲ. ಅವಳು ಹೇಳುತ್ತಿದ್ದದ್ದು ಬೇರೆ. ಅದಕ್ಕೆ ಮೊದಲು, ಹೊಳೆಯ ಬದಿಯ ಗಜನಿಯಲ್ಲಿ ಬಿಸಿಲಿಗೆ ತಾನಾಗಿ ಬಿಳಿಚಿದ ಉಪ್ಪನ್ನು ಮಕ್ಕಳು ಮುಷ್ಟಿಯಲ್ಲಿ ಗೋರಿ ತಂದರೆ ಅವಳ ತಾಯಿ ಹೆದರಿ ನೀರಿಗೆ ಚೆಲ್ಲಿಸುತ್ತಿದ್ದಳಂತೆ. ಆ ಏಪ್ರಿಲಿನ ನಂತರ ಚೆಲ್ಲಿಸಲಿಲ್ಲವಂತೆ. "ಮನೆಯ ಬಾಗಿಲಿಗೆ ಬಂದ ಸಮುದ್ರದ ಉಪ್ಪು, ಮುಟ್ಟಿದರೆ ಕಳ್ಳತನ! ಅದು ಯಾವ ನ್ಯಾಯವಾ?" ಎಂದು ಅವಳು ಎಂಬತ್ತನೆಯ ವಯಸ್ಸಿನಲ್ಲಿಯೂ ಕೇಳುತ್ತಿದ್ದಳು. ಚರಿತ್ರೆಯ ಪುಸ್ತಕದಲ್ಲಿ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನಾನು ಓದಿಲ್ಲ. ಆ ತೆರಿಗೆ ತೊಲಗಿದ್ದು 1947ರಲ್ಲಿ.

ಹ್ಯೂಮ್ ಹುಟ್ಟಿಸಿದ ಕಾಂಗ್ರೆಸ್ಸೇ ಮುಂದೆ ಉಪ್ಪನ್ನು ಹಿಡಿದು ಅವನ ಹಳೆಯ ಸರಕಾರವನ್ನು ಅಲುಗಿಸಿತು. ಅದನ್ನು ನೋಡಲು ಆತ ಬದುಕಿರಲಿಲ್ಲ. ಇಂಗ್ಲೆಂಡಿಗೆ ಮರಳಿದ ಮೇಲೆ ಆತ ಸಸ್ಯಗಳ ಅಭ್ಯಾಸಕ್ಕೆ ತೊಡಗಿದ. 1910ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಜನಸಾಮಾನ್ಯರಿಗಾಗಿ ಒಂದು ಸಸ್ಯಶಾಸ್ತ್ರದ ಸಂಸ್ಥೆಯನ್ನು ಸ್ಥಾಪಿಸಿ 1912ರಲ್ಲಿ ತೀರಿಕೊಂಡ. ಒಳ್ಳೆಯ ಮಾಲಿ, ಒಳ್ಳೆಯ ಮನುಷ್ಯ, ಕೆಟ್ಟ ಬೇಲಿ. ಮೂರೂ ನಿಜ. ಒಂದನ್ನು ಹೇಳಿ ಮತ್ತೊಂದನ್ನು ಮುಚ್ಚುವುದು ಚರಿತ್ರೆಯ ಧರ್ಮವಲ್ಲ.

ಆ ಬೇಲಿ ಏನಾಯಿತು? ಇದು ಎಲ್ಲಕ್ಕಿಂತ ಸೋಜಿಗ. ಹನ್ನೆರಡು ಅಡಿ ಎತ್ತರದ ಆ ಮಹಾಬೇಲಿ ಜನರ ನೆನಪಿನಿಂದಲೂ ಅಳಿಯಿತು. ರಾಯ್ ಮಾಕ್ಸ್‌ಹ್ಯಾಮ್ ಎಂಬ ಆಂಗ್ಲ ಲೇಖಕ, ಸ್ಲೀಮನ್ನನ ಹಳೆಯ ಪುಸ್ತಕವೊಂದರ ಅಡಿಟಿಪ್ಪಣಿಯಲ್ಲಿ ಇದರ ಸುದ್ದಿ ಕಂಡು, ನಕ್ಷೆ ಹಿಡಿದು ಮತ್ತೆ ಮತ್ತೆ ಭಾರತಕ್ಕೆ ಬಂದು ಹುಡುಕಿದ. ಕೊನೆಗೆ 1998ರಲ್ಲಿ ಇಟಾವಾ ಜಿಲ್ಲೆಯಲ್ಲಿ ಒಂದು ಏರಿ, ಅದರ ಮೇಲೆ ಕೆಲವು ಮುಳ್ಳಿನ ಗಿಡಗಳು ಸಿಕ್ಕವು. ಅಷ್ಟೇ. 1857ರಲ್ಲಿ ಹ್ಯೂಮ್ ಕಲೆಕ್ಟರಾಗಿದ್ದದ್ದು ಅದೇ ಇಟಾವಾದಲ್ಲಿ. ಉಳಿದ ಕಡೆಯಲ್ಲಿ ನೆಲ ಸಿಕ್ಕವರು ಉತ್ತರು, ಸೌದೆ ಬೇಕಾದವರು ಕಡಿದರು, ಕಾವಲಿನ ದಾರಿ ಊರ ದಾರಿಯಾಯಿತು. ಯಾರೂ ಅತ್ತಂತೆ ಕಾಣೆ. ಬಾವಿ ತೋಡಿ, ಮಣ್ಣು ಹೊತ್ತು, ಹನ್ನೆರಡು ಸಾವಿರ ಜನ ಕಾಯ್ದ ಬೇಲಿಗೆ, ಸಂಬಳ ನಿಂತ ಮರುದಿನ ತನ್ನವರೆಂಬವರೊಬ್ಬರೂ ಇರಲಿಲ್ಲ.

ನಮ್ಮ ಅಜ್ಜಿಯ ಬೇಲಿ ಅರವತ್ತು ವರ್ಷವಾದರೂ ನಿಂತಿದೆ. ಅದಕ್ಕೆ ಸಂಬಳದ ಕಾವಲಿಲ್ಲ. ಏಪ್ರಿಲ್ ತಿಂಗಳಲ್ಲಿ ಎಳೆಗಾಯಿ ಕೊಯ್ಯಲು ಕೇರಿಯ ಹೆಂಗಸರು ಬರುತ್ತಾರೆ, ಮೇ ಕೊನೆಯಲ್ಲಿ ಹಣ್ಣಿಗಾಗಿ ಮಕ್ಕಳು. ಬಂದವರು ಒಣಗಿದ ರೆಂಬೆ ಕಂಡರೆ ಮುರಿದು ಹಾಕುತ್ತಾರೆ. ದನ ನುಗ್ಗಿದ ಕಂಡಿ ಕಂಡರೆ ಒಂದು ಮುಳ್ಳು ಜಡಿಯುತ್ತಾರೆ, ಇಲ್ಲವೇ ಮನೆಗೆ ಬಂದು ಹೇಳುತ್ತಾರೆ. ಬೇಲಿಯ ಎರಡೂ ಬದಿಯವರಿಗೆ ಅದರಿಂದ ಬಾಯಿಗೆ ಏನಾದರೂ ಸಿಕ್ಕುತ್ತಿದ್ದರೆ ನೋಡುವವರು ತಾವಾಗಿಯೇ ಹುಟ್ಟುತ್ತಾರೆ. ಒಂದೇ ಬದಿಯವನಿಗಾಗಿ ನೆಟ್ಟ ಬೇಲಿಗೆ ಎಷ್ಟು ಕಾವಲಿಟ್ಟರೂ ಸಾಲದು. ತಮ್ಮನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟೇ.

ಇದನ್ನು ಅವನಿಗೆ ಭಾಷಣವಾಗಿ ಹೇಳಲಿಲ್ಲ. ಈ ಜೂನಿನಲ್ಲಿ ಮೊದಲ ಮಳೆ ಬಿದ್ದ ಮೇಲೆ ರಜೆ ಹಾಕಿ ಊರಿಗೆ ಹೋದೆ. ಅಜ್ಜಿಯ ಬೇಲಿಯ ಹಣ್ಣಿನಿಂದಲೇ ಎಬ್ಬಿಸಿದ ಸಸಿಗಳನ್ನು ಹಗ್ಗದ ಗುರುತಿನ ಮೇಲೆ ಇಬ್ಬರೂ ಕೂಡಿ ನೆಟ್ಟೆವು. ನಡುವೆ, ಬಾವಿಯ ನೇರಕ್ಕೆ, ನಾನು ಒಂದು ಕಡೆ ಗಿಡ ಬಿಟ್ಟು ಮುಂದೆ ಹೋದೆ. ತಮ್ಮ ನೋಡಿದ. "ಇಲ್ಲಿ ಎರಡು ಗಿಡ ತಪ್ಪಿತು" ಎಂದ. "ತಪ್ಪಲಿಲ್ಲ, ಅಲ್ಲಿ ದಣಪೆ" ಎಂದೆ. ದನ ದಾಟಲಾರದ, ಮನುಷ್ಯ ಮಾತ್ರ ಕಾಲೆತ್ತಿಟ್ಟು ದಾಟಬಹುದಾದ ದಣಪೆಯಿಲ್ಲದ ಬೇಲಿಯನ್ನು ನಮ್ಮ ಸೀಮೆಯಲ್ಲಿ ಯಾರು ಹಾಕುತ್ತಾರೆ? ಅವನು ಏನೂ ಹೇಳಲಿಲ್ಲ. ಎರಡು ಕವಲುಗಂಬ ತಂದು ಹುಗಿದ.

ದೀಪಾವಳಿಗೆ ಹೋದಾಗ ನೋಡಿದೆ. ಸಸಿಗಳು ಗೇಣುದ್ದ ಏರಿದ್ದವು. ಬುಡದಲ್ಲಿ ಕಳೆಯಿರಲಿಲ್ಲ, ಬೇಸಗೆಗೆ ತಂಪಾಗಲೆಂದು ದರಕಲೆಲೆಯ ಹೊದಿಕೆ ಬಿದ್ದಿತ್ತು, ಅವನ ಬದಿಗಷ್ಟೇ ಅಲ್ಲ, ನನ್ನ ಬದಿಗೂ. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕಾಯಿ ಬಿಡಲು ಇನ್ನೂ ಎರಡು ಮೂರು ವರ್ಷ ಬೇಕು. ಹೊರಡುವಾಗ ತಮ್ಮನ ಹೆಂಡತಿ ಹಳೆಯ ಬೇಲಿಯ ಕಾಯಿಯದೊಂದು ಭರಣಿ ದಣಪೆಯ ಮೇಲಿಂದಲೇ ಕೊಟ್ಟಳು. ಸಾಣಿಕಟ್ಟೆಯ ಹರಳುಪ್ಪಿನಲ್ಲಿ ಹಾಕಿದ್ದು. ಕಾಯಿಗೆ ಮೊದಲು ಉಪ್ಪು. ಅದಕ್ಕೇ ಅದು ಉಪ್ಪಿನಕಾಯಿ.